ನಾಲ್ಕನೆಯವನ ಓಟ

(ಮೈಸೂರಿನ ಓಟಗಾರರ ಗುಂಪೊಂದು ಭಾನುವಾರ ಸಂಜೆ ಮಾತಾಡಲು ಕರೆದಿತ್ತು. ಅಲ್ಲಿ ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಅವತ್ತು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ಇಲ್ಲಿ ಹತ್ತು ಕಿಲೋಮೀಟರನ್ನು 50 ನಿಮಿಷದೊಳಗೆ ಓಡುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಸರಿ, ಹನ್ನೊಂದು ಜನ. ನೀವು ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ. ಇವತ್ತಿನ ಮಾತು ಉಳಿದವರಿಗೆ.

(ಯಾರೂ ಏಳಲಿಲ್ಲ. ಕಾಫಿ ಇನ್ನೂ ಬಂದಿರಲಿಲ್ಲ.)

ನನ್ನ ಪರಿಚಯ ಬೇಗ ಮುಗಿಸುತ್ತೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತು ಕೆಲಸ ಮಾಡಿದವನು. 46ನೇ ವಯಸ್ಸಿನಲ್ಲಿ ಡಾಕ್ಟರು ‘ಶುಗರ್ ಬಾರ್ಡರ್‌ನಲ್ಲಿದೆ, ದಿನಾ ನಡೀರಿ’ ಅಂದರು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯಲು ಶುರು ಮಾಡಿದೆ. ಆರು ತಿಂಗಳಿಗೆ ನಡಿಗೆ ಬೇಜಾರಾಯಿತು, ಓಡತೊಡಗಿದೆ. ಅಲ್ಲೇ ಮೂವರು ಗುರುತಾದರು. ಮಂಡ್ಯದಿಂದ ಇಲ್ಲಿಗೆ ಓದಲು ಬಂದಿದ್ದ ಒಬ್ಬ ಹುಡುಗ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಒಬ್ಬರು ಮೇಡಂ. ಹೆಸರು ಹೇಳುವುದಿಲ್ಲ. ಇಬ್ಬರು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ.

ಹತ್ತು ಕಿಲೋಮೀಟರಿಗೆ ಹುಡುಗ 39 ನಿಮಿಷ, ಮೇಷ್ಟ್ರು 44, ಮೇಡಂ 48. ನಾನು 60. ಇದಕ್ಕೆ ಟೀಮು ಅಂತ ಹೆಸರು. ಒಂದೇ ಬಣ್ಣದ ಟೀ ಶರ್ಟ್ ಬಿಟ್ಟರೆ ನಾವು ನಾಲ್ವರು ರಸ್ತೆ ಮೇಲೆ ಒಟ್ಟಿಗೆ ಕಾಣುವುದು ಶೂ ಲೇಸ್ ಕಟ್ಟುವಾಗ ಮಾತ್ರ.

ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಹತ್ತು ಕಿಲೋಮೀಟರಿನ ದೊಡ್ಡ ಓಟ ನಡೆಯುತ್ತದಲ್ಲ, 2008ರಲ್ಲಿ ಶುರುವಾದದ್ದು, ಅದಕ್ಕೆ ನಾಲ್ವರೂ ಹೆಸರು ಕೊಟ್ಟೆವು. ಹೊರದೇಶದ ಘಟಾನುಘಟಿಗಳು ಬರುವ ಓಟ ಅದು. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ ಅಲ್ಲಿ 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದರು. ಅಷ್ಟು ಹೊತ್ತಿಗೆ ನಾನು ನಾಲ್ಕೂವರೆ ಕಿಲೋಮೀಟರ್ ದಾಟಿ ನೀರಿನ ಟೇಬಲ್ ಎಲ್ಲಿದೆ ಅಂತ ಹುಡುಕುತ್ತಿರುತ್ತೇನೆ. ಇರಲಿ. ಮೈಸೂರಿನದೇ ಇನ್ನೊಂದು ಗುಂಪಿನವರೂ ಅದೇ ಓಟಕ್ಕೆ ಹೊರಟಿದ್ದರು. ಸುಮ್ನೆ ಒಂದು ಪಂದ್ಯ ಕಟ್ಟಿದೆವು. ಎರಡೂ ಕಡೆಯ ನಾಲ್ವರ ಸಮಯ ಕೂಡಿಸಬೇಕು. ಜಾಸ್ತಿ ಬಂದವರು ಎಂಟು ಜನರಿಗೂ ಮಸಾಲೆ ದೋಸೆ ಕೊಡಿಸಬೇಕು.

ಆ ಗುಂಪಿನಲ್ಲಿ ಹುಲಿಗಳು ಯಾರೂ ಇರಲಿಲ್ಲ. ನಾಲ್ಕೂ ಜನ 48, 49 ನಿಮಿಷದವರು. ನಮ್ಮಲ್ಲಿ ಹುಲಿ ಇತ್ತು. ಗೆದ್ದೇಬಿಟ್ಟೆವು ಅಂದುಕೊಂಡೆವು.

ಈಗ ಆ ಬೆಳಿಗ್ಗೆಗೆ ಬರೋಣ. ದೊಡ್ಡ ಓಟಗಳಲ್ಲಿ ನಿಮ್ಮ ಹಿಂದಿನ ಟೈಮಿಂಗ್ ನೋಡಿ ನಿಲ್ಲುವ ಜಾಗ ಕೊಡುತ್ತಾರೆ. ವೇಗದವರು ಮುಂದೆ, ನಮ್ಮಂಥವರು ಹಿಂದೆ. ಹಿಂದಿನವರು ಮುಂದಿನ ಗೇಟಿಗೆ ಹೋದರೆ ಬಿಡುವುದಿಲ್ಲ. ಮುಂದಿನವರು ಹಿಂದೆ ಬಂದು ನಿಂತರೆ ಯಾರೂ ಕೇಳುವುದಿಲ್ಲ. ನಮ್ಮ ಮೂವರೂ ಹಿಂದೆ ಬಂದು ನನ್ನ ಪಕ್ಕ ನಿಂತರು. ‘ಟೀಮು ಅಂದ್ಮೇಲೆ ಒಟ್ಟಿಗೇ ಹೊರಡೋಣ ಅಣ್ಣ’ ಅಂದ ಹುಡುಗ. ನನಗೆ ಎದೆ ತುಂಬಿ ಬಂತು. ಆ ದಿನದ ಮೊದಲ ತಪ್ಪು ಅದೇ. ತಪ್ಪು ಮಾಡಿದ್ದು ಅವರಲ್ಲ, ನಾನು. ‘ಹೋಗ್ರಪ್ಪ ನಿಮ್ಮ ಜಾಗಕ್ಕೆ’ ಅನ್ನಬೇಕಿತ್ತು. ಅನ್ನಲಿಲ್ಲ.

ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿಯಲ್ಲಿ, ಅಂದರೆ ಬಿಬ್‌ನಲ್ಲಿ, ಚಿಪ್ ಇರುತ್ತದೆ. ನೀವು ಗೆರೆ ದಾಟಿದಾಗ ನಿಮ್ಮ ಸಮಯ ಶುರು. ಹಾಗಾಗಿ ಹಿಂದೆ ನಿಂತರೆ ಲೆಕ್ಕದಲ್ಲಿ ನಷ್ಟ ಇಲ್ಲ. ಆದರೆ 39 ನಿಮಿಷದ ಹುಡುಗ 60 ನಿಮಿಷದವರ ನಡುವೆ ಹೊರಟರೆ ಮೊದಲೆರಡು ಕಿಲೋಮೀಟರ್ ಜಾತ್ರೆಯಲ್ಲಿ ಸೈಕಲ್ ತಳ್ಳಿಕೊಂಡು ಹೋದ ಹಾಗೆ. ಎಡಕ್ಕೆ ಬಲಕ್ಕೆ ಹಾಯುತ್ತಾ ಅವನು ಎಷ್ಟು ದೂರ ಹೆಚ್ಚಿಗೆ ಓಡಿದನೋ.

ನನ್ನ ಮೊದಲ ಕಿಲೋಮೀಟರ್ 4 ನಿಮಿಷ 50 ಸೆಕೆಂಡ್. ನಂಬಿ, ಹೂವಿನ ಹಾಗೆ ಹಗುರವಾಗಿತ್ತು. ಪಕ್ಕದಲ್ಲಿ ಮೇಡಂ, ಮುಂದೆ ಮೇಷ್ಟ್ರ ಬೆನ್ನು. ನಾನು ಇಷ್ಟು ದಿನ ಸುಮ್ನೆ ಸೋಮಾರಿಯಾಗಿದ್ದೆ ಅನ್ನಿಸಿತು. ಎರಡನೆಯದು 5:05. ಮೂರನೆಯದು 5:50. ಹಲಸೂರು ಕೆರೆ ಹತ್ತಿರ ಬರುವಾಗ ಟೀಮಿನ ಒಬ್ಬರೂ ಕಣ್ಣಿಗೆ ಕಾಣಲಿಲ್ಲ. ಕಾಲು ನನ್ನದಲ್ಲ ಅನ್ನುವ ಹಾಗಾಗಿತ್ತು. ಉಳಿದ ಏಳು ಕಿಲೋಮೀಟರ್ ಓಡಿದೆ, ನಡೆದೆ, ಓಡಿದೆ, ನಡೆದೆ. ಗುಲಾಬಿ ಬಣ್ಣದ ಟೋಪಿ ಹಾಕಿದ ಒಬ್ಬ ಅಜ್ಜಿ ಒಂದೇ ಸಮನೆ ಹೆಜ್ಜೆ ಹಾಕುತ್ತಾ ನನ್ನನ್ನು ದಾಟಿ ಹೋದರು. ಹೋಗುವಾಗ ಅಯ್ಯೋ ಪಾಪ ಅನ್ನುವ ಹಾಗೆ ಒಮ್ಮೆ ನೋಡಿದರು.

ಮುಗಿಸಿದ್ದು 66 ನಿಮಿಷ 40 ಸೆಕೆಂಡಿಗೆ.

ಆಮೇಲೆ ದೋಸೆ ಹೋಟೆಲಿನಲ್ಲಿ ಕೂಡಿಸಿದೆವು. ಹುಡುಗ 39:30, ಮೇಷ್ಟ್ರು 44:10, ಮೇಡಂ 48:20, ನಾನು 66:40. ಒಟ್ಟು 3 ಗಂಟೆ 18 ನಿಮಿಷ 40 ಸೆಕೆಂಡ್. ಆ ಕಡೆಯವರದು 3 ಗಂಟೆ 13 ನಿಮಿಷ 20 ಸೆಕೆಂಡ್. ನಾನು ನನ್ನ ಪಾಡಿಗೆ ದಿನಾ ಓಡುವ 60 ನಿಮಿಷ ಓಡಿದ್ದರೆ ಸಾಕಿತ್ತು, ಗೆಲ್ಲುತ್ತಿದ್ದೆವು. ಬಿಲ್ಲು ಯಾರೂ ಕೇಳದೆಯೇ ನಾನೇ ಕೊಟ್ಟೆ.

ಮೊದಲ ಕಿಲೋಮೀಟರ್ ಯಾಕೆ ಅಷ್ಟು ಹಗುರವಾಗಿತ್ತು? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಮೋಸ ಹೋಗುವುದು. ಓಡಲು ಶುರು ಮಾಡಿದ ತಕ್ಷಣ ಕಾಲಿಗೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ಉಸಿರು, ಹೃದಯ ಎರಡೂ ವೇಗಕ್ಕೆ ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಅಲ್ಲಿಯವರೆಗೆ ಸ್ನಾಯು ತನ್ನೊಳಗೆ ಕೂಡಿಟ್ಟ ದಾಸ್ತಾನಿನಲ್ಲಿ ನಡೆಸುತ್ತದೆ. ಆ ಹೊತ್ತಿನಲ್ಲಿ ನೀವು ಎಷ್ಟು ಜೋರಾಗಿ ಹೋಗುತ್ತಿದ್ದೀರಿ ಅಂತ ನಿಮ್ಮ ಎದೆ ಹೇಳುವುದೇ ಇಲ್ಲ. ಅದರ ಮೇಲೆ ಹಿಂದಿನ ಎರಡು ದಿನ ವಿಶ್ರಾಂತಿ ಮಾಡಿರುತ್ತೀರಿ. ತಮಟೆ, ಮೈಕು, ಜನ ಬೇರೆ. ಪಕ್ಕದಲ್ಲಿ ನಿಮಗಿಂತ ವೇಗದ ಗೆಳೆಯರು ಆರಾಮಾಗಿ ಮಾತಾಡುತ್ತಾ ಹೋಗುತ್ತಿರುತ್ತಾರೆ. ಅವರಿಗೆ ಅದು ಆರಾಮಿನ ವೇಗವೇ. ನಿಮಗೂ ಹಾಗೇ ಅನ್ನಿಸುತ್ತದೆ. ಎದೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಖರ್ಚಾಗಿಹೋಗಿರುತ್ತದೆ.

‘ಮೊದಲೇ ಜೋರಾಗಿ ಓಡಿ ಸ್ವಲ್ಪ ಸಮಯ ಉಳಿಸಿಕೊಂಡರೆ ಕೊನೆಗೆ ಬೇಕಾಗುತ್ತದೆ’ ಅಂತ ಹೇಳುವವರಿದ್ದಾರೆ. ಬ್ಯಾಂಕಿನವನಾಗಿ ಹೇಳುತ್ತೇನೆ, ಅದು ಠೇವಣಿ ಅಲ್ಲ ಸ್ವಾಮಿ, ಸಾಲ. ಬಡ್ಡಿ ಎಷ್ಟು ಅಂತ ನೋಡಿ. ಮೂರು ಕಿಲೋಮೀಟರಿಗೆ ನಾನು 15 ನಿಮಿಷ 45 ಸೆಕೆಂಡ್ ತೆಗೆದುಕೊಂಡಿದ್ದೆ. ನನ್ನ ವೇಗದಲ್ಲಿ 18 ನಿಮಿಷ ಆಗಬೇಕಿತ್ತು. ಸಾಲ ತೆಗೆದದ್ದು ಎರಡೂಕಾಲು ನಿಮಿಷ. ಮುಂದಿನ ಏಳು ಕಿಲೋಮೀಟರಿನಲ್ಲಿ ವಾಪಸ್ ಕಟ್ಟಿದ್ದು ಒಂಬತ್ತು ನಿಮಿಷಕ್ಕೆ ಐದು ಸೆಕೆಂಡ್ ಕಡಿಮೆ. ಯಾವ ಮೀಟರ್ ಬಡ್ಡಿಯವನೂ ಇಷ್ಟು ಕೇಳಲ್ಲ.

ಆದರೆ ನನ್ನ ಮಾತಿಗೆ ಅಡ್ಡ ಬರುವ ಒಬ್ಬರಿದ್ದಾರೆ, ಅವರನ್ನು ಹೇಳದೆ ಮುಂದೆ ಹೋದರೆ ಮೋಸವಾಗುತ್ತದೆ. ಶಿವನಾಥ್ ಸಿಂಗ್. ಸೇನೆಯಲ್ಲಿದ್ದವರು, ಬರಿಗಾಲಲ್ಲಿ ಓಡುತ್ತಿದ್ದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಅವರು ಫ್ರಾಂಕ್ ಶಾರ್ಟರ್, ಬಿಲ್ ರಾಜರ್ಸ್ ಅಂಥವರ ಜೊತೆ ಮುಂದಿನ ಗುಂಪಿನಲ್ಲೇ ಬಹಳ ದೂರ ಹೋದರು. ಶಾರ್ಟರ್ ಅಂದರೆ ಅದರ ಹಿಂದಿನ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದವರು. ಕೊನೆಗೆ ಶಿವನಾಥ್ ಹಿಂದೆ ಬಿದ್ದರು, 2 ಗಂಟೆ 16 ನಿಮಿಷ 22 ಸೆಕೆಂಡಿಗೆ ಮುಗಿಸಿ 11ನೆಯವರಾದರು. ಎರಡು ವರ್ಷದ ನಂತರ, 1978ರಲ್ಲಿ, ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಓಡಿದರು. ಆ ರಾಷ್ಟ್ರೀಯ ದಾಖಲೆ ದಶಕಗಳ ಕಾಲ ಅಲುಗಲಿಲ್ಲ. ವೇಗದವರ ಜೊತೆ ಅಂಟಿಕೊಂಡು ಹೋಗಿದ್ದರಿಂದ ಅವರು ಕಳೆದುಕೊಂಡರೋ ಪಡೆದರೋ? ಪಡೆದರು ಅಂತಲೇ ನನಗೆ ಅನ್ನಿಸುತ್ತದೆ. ಆದರೆ ಅವರಿಗೂ ಆ ಮುಂದಿನ ಗುಂಪಿಗೂ ಇದ್ದ ವ್ಯತ್ಯಾಸ ಕಿಲೋಮೀಟರಿಗೆ ಕೆಲವು ಸೆಕೆಂಡ್. ನನಗೂ ಮಂಡ್ಯದ ಹುಡುಗನಿಗೂ ಇರುವುದು ಎರಡು ನಿಮಿಷ. ಐದು ಸೆಕೆಂಡಿನ ವ್ಯತ್ಯಾಸ ಇದ್ದರೆ ಅಂಟಿಕೊಳ್ಳಿ, ಏನಾದರೂ ಆಗಬಹುದು. ಎರಡು ನಿಮಿಷ ಇದ್ದರೆ ಅಜ್ಜಿಯ ಗುಲಾಬಿ ಟೋಪಿ ಕಾಣುತ್ತದೆ.

ಸಮಯ ಕೂಡಿಸುವ ಪಂದ್ಯದಲ್ಲಿ ನಾನು ಕಲಿತದ್ದು ಇನ್ನೊಂದು. ಟೀಮು ಗೆಲ್ಲಿಸುವವನು ಮೊದಲನೆಯವನು ಅಂತ ಎಲ್ಲರೂ ತಿಳಿಯುತ್ತಾರೆ. ಗುಡ್ಡಗಾಡು ಓಟದವರನ್ನು (ಕ್ರಾಸ್ ಕಂಟ್ರಿಯವರನ್ನು) ಕೇಳಿ, ಅವರಿಗೆ ಗೊತ್ತು. ಅಲ್ಲಿ ಮೊದಲು ಬಂದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು, ನೂರನೆಯವನಿಗೆ ನೂರು. ಟೀಮಿನವರ ಅಂಕ ಕೂಡಿಸಿದಾಗ ಕಡಿಮೆ ಬಂದವರು ಗೆದ್ದ ಹಾಗೆ. ನಿಮ್ಮ ಹುಲಿ ಎಷ್ಟು ಗರ್ಜಿಸಿದರೂ ಒಂದಕ್ಕಿಂತ ಕಡಿಮೆ ಅಂಕ ತರಲಾರ. ಅರ್ಧ ಕಿಲೋಮೀಟರ್ ಮುಂದೆ ಬಂದು ಗೆದ್ದರೂ ಒಂದೇ, ಮೂಗಿನ ತುದಿಯಲ್ಲಿ ಗೆದ್ದರೂ ಒಂದೇ. ಆದರೆ ಹಿಂದಿನವನ ಸುತ್ತ ಜನ ಕಿಕ್ಕಿರಿದಿರುತ್ತಾರೆ. ಅವನು ಕೊನೆಯಲ್ಲಿ ಹತ್ತು ಸೆಕೆಂಡ್ ಹಿಡಿದುಕೊಂಡರೆ ಹದಿನೈದು ಜನರನ್ನು ದಾಟುತ್ತಾನೆ. ಹದಿನೈದು ಅಂಕ! ಪದಕ ಹುಲಿಗೆ ಹಾಕುತ್ತಾರೆ, ಅದು ಬೇರೆ ಮಾತು.

ಕೀನ್ಯಾದ ಪುರುಷರು 1986ರಿಂದ 2003ರವರೆಗೆ ವಿಶ್ವ ಗುಡ್ಡಗಾಡು ಓಟದ ಟೀಮು ಪ್ರಶಸ್ತಿಯನ್ನು ಸಾಲಾಗಿ 18 ಸಲ ಗೆದ್ದರು. ಅದರ ಮೊದಲ ವರ್ಷಗಳಲ್ಲಿ ಆರು ಜನರ ಸ್ಥಾನ ಲೆಕ್ಕಕ್ಕೆ ಬರುತ್ತಿತ್ತು. ಒಂದರಿಂದ ಆರು ಕೂಡಿಸಿದರೆ 21, ಅದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ. 1988ರಲ್ಲಿ ಆಕ್ಲೆಂಡಿನಲ್ಲಿ ಅವರು ತಂದದ್ದು 23. ಆ ವರ್ಷ ಗೆದ್ದವರು ಜಾನ್ ಎನ್‌ಗುಗಿ ಅಂತ ಪುಸ್ತಕದಲ್ಲಿದೆ. ಆರನೆಯವರ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತಾ? ನನಗೂ ಗೊತ್ತಿಲ್ಲ. ಆ ಆರನೆಯವರು ಮೂವತ್ತನೇ ಸ್ಥಾನಕ್ಕೆ ಬಂದಿದ್ದರೆ ಆ 23 ಎಲ್ಲಿ ಬರುತ್ತಿತ್ತು?

ನಮ್ಮ ದೋಸೆ ಪಂದ್ಯದಲ್ಲೂ ಅಷ್ಟೇ. ಹುಡುಗ ಜೀವ ಬಿಟ್ಟು ಓಡಿದರೆ ಅರ್ಧ ನಿಮಿಷ ಉಳಿಸಬಹುದು. ಅವನ ಹತ್ತಿರ ಉಳಿಸಲು ಜಾಸ್ತಿ ಏನೂ ಉಳಿದಿಲ್ಲ. ನಾನು ಒಬ್ಬನೇ ಆರೂಮುಕ್ಕಾಲು ನಿಮಿಷದ ಹತ್ತಿರ ಚೆಲ್ಲಿದ್ದೆ.

ಜಪಾನಿನಲ್ಲಿ ಇದನ್ನು ಇನ್ನೂ ಕಠಿಣ ಮಾಡಿಟ್ಟಿದ್ದಾರೆ. ಎಕಿಡೆನ್ ಅನ್ನುವ ರಸ್ತೆ ರಿಲೇ ಅಲ್ಲಿ ನಮ್ಮ ಕ್ರಿಕೆಟ್ಟಿನ ಹಾಗೆ. ಅದರಲ್ಲಿ ಹಕೋನೆ ಎಕಿಡೆನ್ 1920ರಲ್ಲಿ ಶುರುವಾದದ್ದು. ಹೊಸ ವರ್ಷದ 2 ಮತ್ತು 3ನೇ ತಾರೀಕು, ಎರಡು ದಿನ, ಕಾಲೇಜು ಹುಡುಗರು ಹತ್ತು ಜನ ಸೇರಿ ಟೋಕಿಯೋದಿಂದ ಹಕೋನೆ ಬೆಟ್ಟಕ್ಕೆ ಹೋಗಿ ಬರುತ್ತಾರೆ. ಇನ್ನೂರು ಕಿಲೋಮೀಟರಿಗೂ ಜಾಸ್ತಿ. ಕೋಲಿನ ಬದಲು ಹೆಗಲಿಗೆ ಅಡ್ಡ ಹಾಕುವ ಒಂದು ಪಟ್ಟಿ, ‘ತಸುಕಿ’. ಒಬ್ಬ ಬಂದು ಬಿಚ್ಚಿ ಕೊಡಬೇಕು, ಇನ್ನೊಬ್ಬ ತೊಟ್ಟು ಓಡಬೇಕು. ಎಲ್ಲರಿಗಿಂತ ಮುಂದಿರುವ ಟೀಮಿಗಿಂತ ತೀರಾ ಹಿಂದೆ ಬಿದ್ದರೆ ಕಾಯುವುದಿಲ್ಲ, ಗಡಿಯಾರ ನೋಡಿ ಮುಂದಿನವನನ್ನು ಬೇರೆ ಪಟ್ಟಿ ಕೊಟ್ಟು ಕಳಿಸಿಬಿಡುತ್ತಾರೆ. ಹಿಂದಿನವನು ಏದುಸಿರು ಬಿಡುತ್ತಾ ಪಟ್ಟಿ ಕೈಯಲ್ಲಿ ಹಿಡಿದು ಬಂದರೆ ತೆಗೆದುಕೊಳ್ಳಲು ಯಾರೂ ಇಲ್ಲ. ಆ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮದು ದೋಸೆಯಲ್ಲೇ ಮುಗಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಈಗ ನನಗೆ ತುಂಬಾ ಇಷ್ಟವಾದ ಕಥೆ. ರಸ್ತೆಯದಲ್ಲ, ಟ್ರ್ಯಾಕಿನದು, ಆದರೂ ಕೇಳಿ. 1954ರ ಮೇ 6, ಆಕ್ಸ್‌ಫರ್ಡಿನ ಇಫ್ಲೀ ರೋಡ್ ಟ್ರ್ಯಾಕ್. ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿಗೆ ಓಡಿದ ದಿನ. ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲ ಮನುಷ್ಯ. ಇದು ಎಲ್ಲರಿಗೂ ಗೊತ್ತು. ಅವತ್ತು ಅವರ ಜೊತೆ ಇಬ್ಬರು ಗೆಳೆಯರಿದ್ದರು, ಕ್ರಿಸ್ ಬ್ರಾಷರ್ ಮತ್ತು ಕ್ರಿಸ್ ಚಾಟವೇ. ಮೈಲಿಗೆ ನಾಲ್ಕು ಸುತ್ತು; ಮೊದಲ ಎರಡು ಸುತ್ತು ಮುಂದೆ ಓಡಿ ವೇಗ ಹಿಡಿದುಕೊಡುವುದು ಬ್ರಾಷರ್ ಕೆಲಸ. ಮೈಲಿ ಓಟದಲ್ಲಿ ಮೂವರಲ್ಲಿ ನಿಧಾನದವರು ಅವರೇ. ಮೊದಲ ಸುತ್ತಿನಲ್ಲಿ ಹಿಂದಿದ್ದ ಬ್ಯಾನಿಸ್ಟರಿಗೆ ಕಾಲು ಹಗುರ ಅನ್ನಿಸಿ, ‘ಇನ್ನೂ ಜೋರಾಗಿ!’ ಅಂತ ಕೂಗಿದರು. ಬ್ರಾಷರ್ ಕಿವಿಗೆ ಹಾಕಿಕೊಳ್ಳಲಿಲ್ಲ. ತಾನು ಹಿಡಿದ ವೇಗದಲ್ಲೇ ಹೋದರು. ಆ ಸುತ್ತು 57.5 ಸೆಕೆಂಡ್, ಅಂದರೆ ಬೇಕಾದ್ದಕ್ಕಿಂತ ಈಗಾಗಲೇ ಜೋರು. ಅವತ್ತು ಬ್ರಾಷರ್ ಗೆಳೆಯನ ಮಾತು ಕೇಳಿ ಇನ್ನೂ ಜೋರು ಮಾಡಿದ್ದರೆ ಮೇ 6 ಅನ್ನುವ ದಿನಾಂಕ ಯಾರಿಗೂ ನೆನಪಿರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಬ್ಯಾನಿಸ್ಟರಿಗೆ ಆಗಿದ್ದೂ ನನಗೆ ಹಲಸೂರು ಕೆರೆಗೆ ಮುಂಚೆ ಆಗಿದ್ದೂ ಒಂದೇ, ಗಮನಿಸಿ. ಮೊದಲ ನಿಮಿಷದ ಹಗುರ ಕಾಲು. ಅವರಿಗೆ ಮುಂದೆ ಬ್ರಾಷರ್ ಇದ್ದರು. ನನಗೆ ಯಾರೂ ಇರಲಿಲ್ಲ. ಇನ್ನೊಂದು ತಮಾಷೆ ಏನೆಂದರೆ ಆ ಮೂವರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದವರು ಬ್ರಾಷರ್ ಒಬ್ಬರೇ. 1956ರ ಮೆಲ್ಬರ್ನ್‌ನಲ್ಲಿ, ಅಡೆತಡೆ ಹಾರಿ ಓಡುವ ಸ್ಟೀಪಲ್‌ಚೇಸಿನಲ್ಲಿ. ಲಂಡನ್ ಮ್ಯಾರಥಾನ್ ಶುರು ಮಾಡಿದವರಲ್ಲೂ ಅವರೊಬ್ಬರು. 1981ರ ಆ ಮೊದಲ ಓಟದಲ್ಲಿ ಡಿಕ್ ಬಿಯರ್ಡ್‌ಸ್ಲಿ ಮತ್ತು ಇಂಗೆ ಸಿಮೋನ್‌ಸೆನ್ ಅನ್ನುವ ಇಬ್ಬರು ಕೈ ಕೈ ಹಿಡಿದು ಒಟ್ಟಿಗೇ ಗೆರೆ ದಾಟಿದರು. ಫೋಟೋ ಚೆನ್ನಾಗಿದೆ. ಆದರೆ ಅವರಿಬ್ಬರ ವೇಗವೂ ಒಂದೇ ಆಗಿತ್ತು, ಅಲ್ವಾ? ಆ ಫೋಟೋ ನೋಡಿಯೇ ನಮ್ಮ ಹುಡುಗ ಅವತ್ತು ಹಿಂದಿನ ಗೇಟಿಗೆ ಬಂದದ್ದು ಅಂತ ಆಮೇಲೆ ಗೊತ್ತಾಯಿತು.

ವೇಗದವರ ಹಿಂದೆ ಓಡಿದರೆ ಗಾಳಿ ತಡೆ ಕಡಿಮೆಯಾಗುತ್ತದಲ್ಲ ಅಂತ ಕೇಳುವವರಿದ್ದಾರೆ. ಈ ಪ್ರಶ್ನೆ ಬರುವುದು 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್‌ಚೋಗೆ ಮ್ಯಾರಥಾನ್ ದೂರ ಓಡಿದ್ದನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ. 1 ಗಂಟೆ 59 ನಿಮಿಷ 40 ಸೆಕೆಂಡ್. ಸರದಿಯ ಮೇಲೆ ವೇಗ ಹಿಡಿದುಕೊಡುವ 41 ಜನ ಪೇಸರ್‌ಗಳು, ಒಂದು ಹೊತ್ತಿಗೆ ಐದು ಜನ ಮುಂದೆ, ಇಬ್ಬರು ಹಿಂದೆ. ಅವರಲ್ಲಿ 44 ವರ್ಷದ ಬರ್ನಾರ್ಡ್ ಲಗಾಟ್ ಕೂಡ ಇದ್ದರು, ಇಲ್ಲಿರುವ ನರೆಕೂದಲಿನವರಿಗೆ ಹೇಳುತ್ತಿದ್ದೇನೆ. ಹಾಗೆ ಪೇಸರ್‌ಗಳು ಬದಲಾಗುತ್ತಿದ್ದರಿಂದ ಅದು ದಾಖಲೆ ಪುಸ್ತಕಕ್ಕೆ ಹೋಗಲಿಲ್ಲ. ಅವರ ವೇಗ ಗಂಟೆಗೆ 21 ಕಿಲೋಮೀಟರ್. ನನ್ನದು 10. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಅರ್ಧ ಆದರೆ ತಡೆ ಕಾಲು ಭಾಗ. ಅವರಿಗೆ ಎದುರಾಗುವ ಗಾಳಿಯಲ್ಲಿ ನನಗೆ ಸಿಗುವುದು ನಾಲ್ಕಾಣೆಗಿಂತ ಕಡಿಮೆ. ಆ ನಾಲ್ಕಾಣೆ ಉಳಿಸಲು ಮೇಷ್ಟ್ರ ಬೆನ್ನು ಹಿಡಿದು ಹೋದವನು ನಾನು. ಎದುರುಗಾಳಿ ಜೋರಾಗಿರುವ ದಿನ ಮಾತು ಬೇರೆ. ಅವತ್ತು ನಿಮ್ಮದೇ ವೇಗದ ದಪ್ಪಗಿನ ಮನುಷ್ಯ ಸಿಕ್ಕರೆ ಬಿಡಬೇಡಿ.

ಹಿಂದಿನವರ ಕಡೆ ಮಾತಾಡಿದ್ದಾಯಿತು. ಮುಂದಿನವರಿಗೂ ಒಂದು ಮಾತಿದೆ. ಕಾಫಿಗೆ ಹೋಗದೆ ಕೂತಿದ್ದೀರಿ, ಕೇಳಿಸಿಕೊಳ್ಳಿ.

ಸೋತ ಮುಂದಿನ ವಾರ ಹುಡುಗ ನನ್ನ ಜೊತೆ ಬಂದ. ‘ಅಣ್ಣ, ಇವತ್ತು ನಿಮ್ಮ ಪೇಸಿನಲ್ಲೇ ಓಡ್ತೀನಿ’ ಅಂದ. ಪಾಪ, ಒಳ್ಳೆಯ ಮನಸ್ಸು. ಆದರೆ ಅವನು ಯಾವಾಗಲೂ ನನಗಿಂತ ಅರ್ಧ ಹೆಜ್ಜೆ ಮುಂದೆ. ಬರೀ ಅರ್ಧ ಹೆಜ್ಜೆ. ಜೊತೆಯಲ್ಲಿರೋಣ ಅಂತ ನಾನು ಸ್ವಲ್ಪ ಎಳೆದು ಸಮ ಮಾಡಿಕೊಂಡೆ. ಅವನಿಗೆ ಗೊತ್ತಿಲ್ಲದ ಹಾಗೆ ಮತ್ತೆ ಅರ್ಧ ಹೆಜ್ಜೆ ಮುಂದೆ. ಕಿಲೋಮೀಟರಿಗೆ ಆರೂಕಾಲು ನಿಮಿಷದಲ್ಲಿ ಶುರುವಾದ ಪೇಸು ಐದನೇ ಕಿಲೋಮೀಟರಿಗೆ 5:20ಕ್ಕೆ ಬಂದಿತ್ತು. ನಾನು ಕೆರೆಯ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ‘ಯಾಕಣ್ಣ, ಹುಷಾರಿಲ್ವಾ?’ ಅಂದ.

ನಿಧಾನದವರ ಜೊತೆ ಓಡುವುದಾದರೆ ಭುಜಕ್ಕೆ ಭುಜ ಸಮ ಇರಲಿ, ಇಲ್ಲವೇ ಅರ್ಧ ಹೆಜ್ಜೆ ಹಿಂದೆ. ಅಷ್ಟು ಆಗದಿದ್ದರೆ ನಿಮ್ಮ ಪಾಡಿಗೆ ಹೋಗಿ, ನಮಗೆ ಬೇಜಾರಿಲ್ಲ. ಇನ್ನೊಂದು, ‘ಇನ್ನೇನು ಬಂದೇಬಿಡ್ತು’ ಅಂತ ಸುಳ್ಳು ಹೇಳಬೇಡಿ. ಎಷ್ಟು ಉಳಿದಿದೆ ಅಂತ ನಮಗೂ ಗೊತ್ತಿರುತ್ತದೆ, ಕೈಯಲ್ಲಿ ವಾಚಿದೆ.

ನಮ್ಮ ಜೊತೆ ಓಡುವುದರಿಂದ ನಿಮಗೂ ಲಾಭವಿದೆ, ಇದು ಉಪಚಾರದ ಮಾತಲ್ಲ. ಕೀನ್ಯಾದ ದೊಡ್ಡ ಓಟಗಾರರು ಸುಲಭದ ದಿನ ಎಷ್ಟು ನಿಧಾನ ಹೊರಡುತ್ತಾರೆ ಅಂತ ಅಲ್ಲಿಗೆ ಹೋಗಿಬಂದವರೆಲ್ಲ ಬೆರಗಾಗಿ ಹೇಳುತ್ತಾರೆ. ಹಿಂದಿನ ದಿನ ದಣಿದ ಕಾಲಿಗೆ ಆ ನಿಧಾನವೇ ಔಷಧಿ. ನಮ್ಮ ಹುಡುಗರು ಸುಲಭದ ದಿನವೂ ಮೊಬೈಲ್ ಆ್ಯಪಿನಲ್ಲಿ ಒಳ್ಳೆಯ ನಂಬರ್ ಕಾಣಲಿ ಅಂತ ಎಳೆಯುತ್ತಾರೆ. ವಾರಕ್ಕೆ ಎರಡು ದಿನ ನನ್ನಂಥವನ ಜೊತೆ ಹೊರಟರೆ ಬೇಡ ಅಂದರೂ ನಿಧಾನ ಆಗಲೇಬೇಕು.

ಎರಡನೇ ವರ್ಷ ಮತ್ತೆ ಅದೇ ಓಟ, ಅದೇ ಪಂದ್ಯ. ಈ ಸಲ ಬೆಳಿಗ್ಗೆಯೇ ಕೈ ಕುಲುಕಿ ಮೂವರನ್ನೂ ಮುಂದಿನ ಗೇಟಿಗೆ ಓಡಿಸಿದೆ. ನಾನು ಹಿಂದೆ ಒಬ್ಬನೇ. ನನ್ನ ಹತ್ತಿರ 60 ನಿಮಿಷದ ಬಸ್ಸು ನಿಂತಿತ್ತು. ಬಸ್ಸು ಅಂದರೆ ಹೊಸಬರಿಗೆ ಹೇಳುತ್ತೇನೆ, ಬೋರ್ಡು ಹಿಡಿದ ಪೇಸರ್ ಮತ್ತು ಅವರ ಹಿಂದೆ ಹೋಗುವ ಗುಂಪು. ಹತ್ತಿಕೊಂಡೆ. ಮೊದಲ ಕಿಲೋಮೀಟರ್ 6:10. ಇರುವೆ ಹರಿದ ಹಾಗಿತ್ತು. ಎಲ್ಲರೂ ದಾಟಿ ಹೋಗುತ್ತಿದ್ದಾರೆ. ಮೈಯೆಲ್ಲ ನವೆ. ನಿಧಾನ ಓಡುವುದಕ್ಕೆ ಇಷ್ಟು ಹಠ ಬೇಕು ಅಂತ ನನಗೆ ಗೊತ್ತಿರಲಿಲ್ಲ. ಐದು ಕಿಲೋಮೀಟರಿಗೆ 30:15. ಅಲ್ಲಿಂದ ಮುಂದೆ ನನ್ನ ಪಾಲಿಗೆ ಬೇರೆಯೇ ಓಟ. ಮೊದಲು ದಾಟಿ ಹೋದವರು ಒಬ್ಬೊಬ್ಬರಾಗಿ ವಾಪಸ್ ಸಿಗತೊಡಗಿದರು. ಸೊಂಟದ ಮೇಲೆ ಕೈ ಇಟ್ಟುಕೊಂಡವರು, ಫುಟ್‌ಪಾತಿನ ಅಂಚಿನಲ್ಲಿ ಕೂತವರು. ಅವರ ಮುಖದಲ್ಲಿ ನನ್ನ ಹಿಂದಿನ ವರ್ಷ ಕಾಣುತ್ತಿತ್ತು. ಉಳಿದ ಐದು 29:25. ಒಟ್ಟು 59 ನಿಮಿಷ 40 ಸೆಕೆಂಡ್.

ಗೆರೆ ದಾಟಿ ಎರಡೂ ಕೈ ಎತ್ತಿದೆ. ದೋಸೆ ಬಿಲ್ಲು ಈ ಸಲ ನಮ್ಮದಲ್ಲ ಅಂತ ಖಾತ್ರಿ.

ಬೇಲಿ ಪಕ್ಕ ಹುಡುಗ ಕುಕ್ಕರುಗಾಲಲ್ಲಿ ಕೂತಿದ್ದ. ತಲೆ ಎತ್ತಲಿಲ್ಲ. ‘ಎಷ್ಟೋ?’ ಅಂದೆ. ‘45:10 ಅಣ್ಣ’ ಅಂದ. 39ರ ಹುಡುಗ! ಏನಾಯಿತು ಅಂತ ಕೇಳಿದರೆ ಸುಮಾರು ಹೊತ್ತು ಸುಮ್ಮನಿದ್ದು ಹೇಳಿದ. ಮುಂದಿನ ಗೇಟಿನಲ್ಲಿ ಬೆಂಗಳೂರಿನ ಹುಡುಗರು ಸಿಕ್ಕಿದರಂತೆ. 34, 35 ನಿಮಿಷದವರು. ಮಾತಾಡುತ್ತಾ ಅವರ ಜೊತೆಗೇ ಹೊರಟನಂತೆ. ಮೊದಲ ಕಿಲೋಮೀಟರ್ 3:20. ‘ತುಂಬಾ ಹಗುರವಾಗಿತ್ತು ಅಣ್ಣ.’

ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅವನಿಗೂ. ಒಟ್ಟು 3 ಗಂಟೆ 16 ನಿಮಿಷ 40 ಸೆಕೆಂಡ್, ಆ ಕಡೆಯವರದು 3 ಗಂಟೆ 14 ನಿಮಿಷ 10 ಸೆಕೆಂಡ್. ಅವರ ನಾಲ್ಕೂ ಜನ ಮತ್ತೆ 48, 49. ಒಬ್ಬರೂ ವೇಗದವರಿಲ್ಲ, ಒಬ್ಬರೂ ಹುಚ್ಚು ಹತ್ತಿಸಿಕೊಂಡವರಿಲ್ಲ. ಬಿಲ್ಲು ಈ ಸಲ ಹುಡುಗ ಕೊಡಲು ಹೋದ. ವಿದ್ಯಾರ್ಥಿ ಅಂತ ಮೇಷ್ಟ್ರು ಬಿಡಲಿಲ್ಲ.

ಆಗ ಮೇಡಂ ಒಂದು ಉಪಾಯ ತಂದರು. ಅಂಚೆ ಇಲಾಖೆಯವರಿಗೆ ಹೋಗುವ ದಾರಿಯಷ್ಟೇ ಬರುವ ದಾರಿಯೂ ಮುಖ್ಯ ಅಂತ ಅವರ ವಾದ. ಕುಕ್ಕರಹಳ್ಳಿ ಏರಿಯಲ್ಲಿ ನಾಲ್ವರೂ ಒಂದೇ ಜಾಗದಿಂದ ಒಟ್ಟಿಗೆ ಹೊರಡುವುದು, ತಮ್ಮ ತಮ್ಮ ವೇಗದಲ್ಲಿ. ವಾಚಿನಲ್ಲಿ ಎಂಟು ನಿಮಿಷ ಆದ ತಕ್ಷಣ ಎಲ್ಲಿದ್ದರೆ ಅಲ್ಲೇ ತಿರುಗಿ ವಾಪಸ್. ದೂರದ ಲೆಕ್ಕ ಇಲ್ಲ, ಹೊತ್ತಿನ ಲೆಕ್ಕ ಮಾತ್ರ.

ಏನಾಗುತ್ತದೆ ಅಂತ ಯೋಚಿಸಿ. ಎಂಟು ನಿಮಿಷಕ್ಕೆ ಹುಡುಗ ಎರಡು ಕಿಲೋಮೀಟರ್ ಹೋಗಿರುತ್ತಾನೆ. ನಾನು ಹೋಗಿರುವುದು ಒಂದು ಚಿಲ್ಲರೆ. ತಿರುಗಿದ ಕೂಡಲೇ ನಾನು ಎಲ್ಲರಿಗಿಂತ ಮುಂದೆ! ನನ್ನ ಹಿಂದೆ ಮೇಡಂ, ಅವರ ಹಿಂದೆ ಮೇಷ್ಟ್ರು, ಎಲ್ಲೋ ದೂರದಲ್ಲಿ ಹುಡುಗ. ಹೋಗುವಾಗಿನ ವೇಗವನ್ನೇ ಬರುವಾಗಲೂ ಹಿಡಿದರೆ ನಾಲ್ವರೂ ಒಂದೇ ಕ್ಷಣಕ್ಕೆ ಹೊರಟ ಜಾಗ ಮುಟ್ಟುತ್ತೇವೆ. ಹೋಗುವಾಗ ಯಾರು ಸಾಲ ಮಾಡಿರುತ್ತಾರೋ ಅವರು ಬರುವಾಗ ಸಿಕ್ಕಿಬೀಳುತ್ತಾರೆ. ಕೋಚ್ ಬೇಡ, ಬೈಗುಳ ಬೇಡ.

ಮೊದಲ ಮಂಗಳವಾರ ತಿರುಗಿ ಓಡುವಾಗ ಎದುರಿಗೆ ಏರಿ ಖಾಲಿ. ಓಡಲು ಶುರು ಮಾಡಿದ ಮೇಲೆ ನನ್ನ ಮುಂದೆ ಯಾರ ಬೆನ್ನೂ ಇಲ್ಲದ್ದು ಅದೇ ಮೊದಲು. ಕೆರೆಯಲ್ಲಿ ಕೊಕ್ಕರೆಗಳು ಕೂತಿದ್ದವು. ಇಷ್ಟು ದಿನ ಅವು ಅಲ್ಲೇ ಇದ್ದವೇನೋ, ನನಗೆ ಬೆನ್ನುಗಳೇ ಕಾಣುತ್ತಿದ್ದವು. ಕೊನೆಯ ಇನ್ನೂರು ಮೀಟರಿಗೆ ಹಿಂದಿನಿಂದ ಹೆಜ್ಜೆ ಸದ್ದು. ಒಂದು ಜೊತೆ, ಆಮೇಲೆ ಎರಡು, ಮೂರು. ತಿರುಗಿ ನೋಡಲಿಲ್ಲ. ಮೇಡಂ ಭುಜದ ಪಕ್ಕ ಬಂದರು, ಮೇಷ್ಟ್ರ ಉಸಿರು ಕೇಳಿಸಿತು. ಹುಡುಗ ಮಾತ್ರ ಇನ್ನೂ ಐವತ್ತು ಮೀಟರ್ ಹಿಂದೆ. ‘ಅಣ್ಣ, ನಿಲ್ಲಿ ಅಣ್ಣ, ಸ್ವಲ್ಪ ನಿಲ್ಲಿ!’ ಅಂತ ಕೂಗುತ್ತಿದ್ದ.

ನಿಲ್ಲಲಿಲ್ಲ.

ಈ ಮಂಗಳವಾರವೂ ಇದೆ, ಬೆಳಿಗ್ಗೆ ಐದೂಮುಕ್ಕಾಲಿಗೆ. ಕೈ ಎತ್ತಿದ ಹನ್ನೊಂದು ಜನರೂ ಬನ್ನಿ. ಎಂಟು ನಿಮಿಷ ನಿಮ್ಮ ಬೆನ್ನು ನಾವು ನೋಡುತ್ತೇವೆ, ಆಮೇಲೆ ನಮ್ಮದನ್ನು ನೀವು ನೋಡುವಿರಂತೆ. ಅಗೋ, ಕಾಫಿ ಬಂತು.